ಕರಡಿ ಮಜಲು ಬರೀ ಮೆರವಣಿಗೆಗೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿ ವಾದ್ಯಮೇಳಗಳಿಗೆ ಬರವಿಲ್ಲ. ಬರ ಇರುವುದು ಅವುಗಳ ಹೆಸರು ಕೇಳುವವರಿಗೆ. ನನ್ನ ತಕರಾರು ನಮ್ಮ ಉತ್ಸವಗಳ ಮೇಲೆ. ಕರಡಿ, ಶಹನಾಯಿ, ತಾಳ ಹಿಡಿದ ಕರಡಿ ಮಜಲಿನವರು ಹಗಲು ಬಿಸಿಲಲ್ಲಿ ಮೆರವಣಿಗೆಯ ಮುಂದೆ ಬಾರಿಸುತ್ತ ನಡೆಯಬೇಕು. ರಾತ್ರಿಯ ದೀಪ, ಮೈಕು, ಕುಳಿತು ಕೇಳುವ ಜನ ಎಲ್ಲವೂ ಸಿನಿಮಾ ಗಾಯಕರ ಪಾಲು. ರಸ್ತೆಯಲ್ಲಿ ಹಾದುಹೋದ ಮೇಳ ಯಾವ ಊರಿನದೆಂದು ಯಾರೂ ಕೇಳುವುದಿಲ್ಲ.

ಜನ ಬರುವುದೇ ಹೆಸರಾಂತರಿಗಾಗಿ ಅನ್ನುತ್ತಾರೆ. ಒಪ್ಪಿದೆ. ಹಾಗಾದರೆ ಆ ಜನ ಸೇರಿದ ಹೊತ್ತಿನಲ್ಲೇ ಊರಿನ ಮೇಳಕ್ಕೆ ಅರ್ಧ ಗಂಟೆ ಕೊಡಿ. ಭೀಮಸೇನ ಜೋಶಿಯವರು ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವದಲ್ಲಿ, ಹಿರಿಯರನ್ನು ಕೇಳಲು ಬಂದವರೇ ಅದೇ ವೇದಿಕೆಯ ಹೊಸಬರನ್ನೂ ಕೇಳುತ್ತಾರೆ.

ನಮ್ಮಲ್ಲೂ ಜನ ಸೇರುತ್ತಾರೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಅಲ್ಲಿ ಒಂದು ಸಂಜೆ ಐದೂ ತಾಲ್ಲೂಕುಗಳ ಮೇಳಗಳು ವೇದಿಕೆಯ ಮೇಲೆ ಬಾರಿಸಲಿ. ಕರಪತ್ರದಲ್ಲಿ ಮೇಳದ ಹೆಸರು, ಊರು, ಫೋನ್ ನಂಬರು ಅಚ್ಚಾಗಲಿ. ಶಾಲು, ಹಾರಕ್ಕಿಂತ ಆ ನಂಬರಿಗೆ ಬರುವ ಮುಂದಿನ ಕರೆ ಕಲಾವಿದನಿಗೆ ದೊಡ್ಡದು.