ಬೋರ್ಡಿಗೆ ಕನ್ನಡ, ರಕ್ತಕ್ಕೆ ಇಂಗ್ಲಿಷು!



ನಿಮ್ಮ ಮನೆಯಲ್ಲಿ ಒಂದಾದರೂ ರಕ್ತ ಪರೀಕ್ಷೆಯ ರಿಪೋರ್ಟು ಇದ್ದೇ ಇರುತ್ತದೆ. ಬೀರುವಿನಲ್ಲೋ, ದೇವರ ಗೂಡಿನಲ್ಲೋ, ಕ್ಯಾಲೆಂಡರಿನ ಮೊಳೆಗೋ ಸಿಕ್ಕಿಸಿರುತ್ತೀರಿ. ಅದನ್ನೊಮ್ಮೆ ತೆಗೆದು ಓದಿ ನೋಡಿ. ಓದಲಾಗುವುದಿಲ್ಲ, ಅಲ್ಲವೇ? ದುಡ್ಡು ಕೊಟ್ಟವರು ನೀವು. ಸೂಜಿ ಚುಚ್ಚಿಸಿಕೊಂಡವರು ನೀವು. ರಕ್ತ ನಿಮ್ಮದು. ಆದರೆ ಆ ರಕ್ತ ಏನು ಹೇಳುತ್ತಿದೆ ಎಂಬುದು ಮಾತ್ರ ನಿಮ್ಮದಲ್ಲದ ಭಾಷೆಯಲ್ಲಿದೆ!

ನಾನು ವೈದ್ಯನಲ್ಲ. ಪಿಯುಸಿಗೆ ಓದು ಮುಗಿಸಿ ಬಳ್ಳಾರಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸು ಹಾಕಿಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ಜಾತ್ರೆಯ ಪೋಸ್ಟರು ನನ್ನ ಕಸುಬು. ಲ್ಯಾಬುಗಳ ರಿಪೋರ್ಟು ಫಾರಂಗಳನ್ನೂ ಅಚ್ಚು ಹಾಕಿದ್ದೇನೆ. ಆ ತಪ್ಪಿನ ಲೆಕ್ಕವನ್ನು ಇವತ್ತು ನಿಮ್ಮ ಮುಂದೆ ಒಪ್ಪಿಸಬೇಕಾಗಿದೆ.

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದವನು ಕುರುಗೋಡಿನ ಕಡೆಯವನು. ಏಳನೇ ತರಗತಿಯವರೆಗೆ ಕನ್ನಡ ಓದಿದವನು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಒಂದು ಸಲ ತಲೆ ಸುತ್ತು ಬಂತೆಂದು ಡಾಕ್ಟರಲ್ಲಿಗೆ ಹೋದ. ಅವರು ಬಿಪಿ ನೋಡಿದರು, 138/88 ಇತ್ತು. ರಕ್ತ ಪರೀಕ್ಷೆ ಬರೆದುಕೊಟ್ಟರು. ಸಂಜೆ ರಿಪೋರ್ಟು ಕೈಗೆ ಬಂತು. ಡಾಕ್ಟರು ಊರಲ್ಲಿರಲಿಲ್ಲ. ಮೆಡಿಕಲ್ ಶಾಪಿನ ಹುಡುಗನಿಗೆ ತೋರಿಸಿದ. ಹುಡುಗ ಮೇಲಿನ ಒಂದು ಸಾಲು ನೋಡಿ, "ಶುಗರ್ ನಾರ್ಮಲ್ ಐತಿ, ಏನೂ ಇಲ್ಲ ಹೋಗಣ್ಣ" ಅಂದ. ಇವನೂ ಖುಷಿಯಿಂದ ಮಡಿಚಿ ಜೇಬಿಗಿಟ್ಟುಕೊಂಡ. ಮತ್ತೆ ಡಾಕ್ಟರಲ್ಲಿಗೆ ಹೋಗಲೇ ಇಲ್ಲ.

ಹದಿನಾಲ್ಕು ತಿಂಗಳ ಮೇಲೆ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಹೋಯಿತು. ಬೈಂಡರಿಗೆ ಬಲಗೈ ಹೋದರೆ ಉಳಿಯುವುದೇನು?

ಆಸ್ಪತ್ರೆಯಲ್ಲಿ ಅವನ ಹೆಂಡತಿ ಆ ಹಳೆಯ ರಿಪೋರ್ಟು ತೆಗೆದು ನನ್ನ ಕೈಗಿಟ್ಟಳು. "ಅಣ್ಣಾ, ಇದ್ರಾಗ ಏನು ಬರದಾರ ಸ್ವಲ್ಪ ನೋಡ್ರಿ" ಅಂದಳು. ನೋಡಿದೆ. ಖಾಲಿ ಹೊಟ್ಟೆಯ ಸಕ್ಕರೆ 108. ಪಕ್ಕದಲ್ಲಿ '70ರಿಂದ 110' ಎಂದು ಅಚ್ಚಾಗಿತ್ತು. ಹುಡುಗ ನೋಡಿದ್ದು ಇಷ್ಟನ್ನೇ. ಕೆಳಗೆ ಟ್ರೈಗ್ಲಿಸರೈಡು 246, ಎಚ್‌ಡಿಎಲ್ 33. ಎರಡಕ್ಕೂ ಎದುರಿಗೆ ಒಂದೊಂದು ಇಂಗ್ಲಿಷ್ ಅಕ್ಷರದ ಗುರುತು. ಹಾಳೆಯ ತುದಿಯಲ್ಲಿ ಸಣ್ಣಕ್ಷರದಲ್ಲಿ ನನ್ನದೇ ಪ್ರೆಸ್ಸಿನ ಹೆಸರು!

ಆಮೇಲೆ ಗೊತ್ತಿರುವ ಡಾಕ್ಟರೊಬ್ಬರ ಹತ್ತಿರ ಕೂತು ಒಂದೊಂದನ್ನೇ ಕೇಳಿ ತಿಳಿದೆ. ಯಾವ ದೊಡ್ಡ ವಿದ್ಯೆಯೂ ಅಲ್ಲ, ಕನ್ನಡದಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುತ್ತದೆ. ಕೇಳಿ.

ಐದು ಲೆಕ್ಕಗಳಿವೆ. ಒಂದು, ಸೊಂಟದ ಸುತ್ತಳತೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು. ಎರಡು, ಬಿಪಿ. 130/85ರಲ್ಲಿ ಮೇಲಿನದಾಗಲಿ ಕೆಳಗಿನದಾಗಲಿ ಅಷ್ಟು ಮುಟ್ಟಿದರೆ ಹೆಚ್ಚು. ಮೂರು, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ. ನಾಲ್ಕು, ಟ್ರೈಗ್ಲಿಸರೈಡು, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು, 150 ಅಥವಾ ಮೇಲೆ. ಐದು, ಎಚ್‌ಡಿಎಲ್. ಜನ ಇದನ್ನು ಒಳ್ಳೆಯ ಕೊಲೆಸ್ಟರಾಲ್ ಅನ್ನುತ್ತಾರೆ. ಇದು ಕಡಿಮೆಯಾದರೆ ತೊಂದರೆ. ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕೆಳಗಿರಬಾರದು.

ಈ ಐದರಲ್ಲಿ ಯಾವುವಾದರೂ ಮೂರು ಒಬ್ಬರಲ್ಲಿ ಸೇರಿದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು. ಚಯಾಪಚಯದ ಕೂಟದೋಷ ಎಂದು ಬೇಕಾದರೆ ಕರೆಯಿರಿ. 1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಎಂಬ ವೈದ್ಯರು ಇವೆಲ್ಲ ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ಬೇರಿನಿಂದ ಬರುವಂಥವು ಎಂದು ವಿವರಿಸಿದರು. ಆ ಬೇರು ಯಾವುದು? ದೇಹ ಇನ್ಸುಲಿನ್ ಮಾತಿಗೆ ಕಿವಿಗೊಡದಿರುವುದು. ಆಗ ರಕ್ತದಲ್ಲಿ ಸಕ್ಕರೆ ನಿಧಾನಕ್ಕೆ ಏರುತ್ತದೆ. ಪಿತ್ತಜನಕಾಂಗ ಹೆಚ್ಚು ಹೆಚ್ಚು ಕೊಬ್ಬು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡು ಏರಿದಾಗ ಎಚ್‌ಡಿಎಲ್ ಇಳಿಯುತ್ತದೆ. ಸಿಹಿಮೂತ್ರ, ಹೃದಯಾಘಾತ, ಲಕ್ವ ಮೂರಕ್ಕೂ ದಾರಿ ಇಲ್ಲಿಂದಲೇ. ಅಮೆರಿಕದವರಿಗಿಂತ ನಮ್ಮವರ ಸೊಂಟದ ಲೆಕ್ಕ ಕಡಿಮೆ ಇಟ್ಟಿರುವುದೇಕೆಂದರೆ, ನಮಗೆ ಇಷ್ಟೇ ಹೊಟ್ಟೆಗೆ ಈ ಕಾಟ ಶುರುವಾಗುತ್ತದೆ.

ಈಗ ನಮ್ಮ ಬೈಂಡರಿನ ಹಾಳೆ ಮತ್ತೆ ನೋಡಿ. ಸಕ್ಕರೆ 108, 'ನಾರ್ಮಲ್' ಎಂದು ಅಚ್ಚಾದರೂ 100 ದಾಟಿದೆ. ಕೊಬ್ಬು 246. ಎಚ್‌ಡಿಎಲ್ 33. ಬಿಪಿ 138. ಸೊಂಟ ಯಾರೂ ಅಳೆಯಲಿಲ್ಲ, ಅವನ ಪ್ಯಾಂಟಿನ ಅಳತೆಯೇ 38 ಇಂಚು. ಐದಕ್ಕೆ ಐದೂ ಇದ್ದವು! ಒಂದೊಂದನ್ನೇ ನೋಡಿದರೆ 'ಸ್ವಲ್ಪ ಜಾಸ್ತಿ'. ಕೂಡಿಸಿ ನೋಡಿದರೆ ಅಪಾಯದ ಗಂಟೆ. ಆ ಗಂಟೆ ಬಾರಿಸಿತ್ತು, ಆದರೆ ಇಂಗ್ಲಿಷಿನಲ್ಲಿ ಬಾರಿಸಿತ್ತು.

ರಿಪೋರ್ಟು ಕನ್ನಡದಲ್ಲಿದ್ದಿದ್ದರೆ ಅವನ ಕೈ ಖಂಡಿತ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅದು ಸುಳ್ಳಾದೀತು. ಆದರೆ 'ಐದೂ ಮೀರಿವೆ, ತಡಮಾಡದೆ ವೈದ್ಯರನ್ನು ಕಾಣಿ' ಎಂಬ ಒಂದು ಸಾಲು ಕನ್ನಡದಲ್ಲಿದ್ದಿದ್ದರೆ ಅವನು ಅದನ್ನು ಓದುತ್ತಿದ್ದ. ಅವನಿಗೆ ಹದಿನಾಲ್ಕು ತಿಂಗಳು ಇತ್ತು. ಆ ಹದಿನಾಲ್ಕು ತಿಂಗಳನ್ನು ಅವನಿಂದ ಕಸಿದದ್ದು ಯಾರು?

ಇದು ಒಬ್ಬನ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಿಹಿಮೂತ್ರವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಸ್ತಿಲಲ್ಲಿ ನಿಂತವರಿಗೆ ಹಿಂದೆ ತಿರುಗಲು ದಾರಿಯುಂಟು. ತೂಕದಲ್ಲಿ ನೂರಕ್ಕೆ 7 ಭಾಗ ಇಳಿಸಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಸಿಹಿಮೂತ್ರ ಬರುವುದು ನೂರಕ್ಕೆ 58 ಭಾಗ ತಗ್ಗಿತೆಂದು 2002ರಲ್ಲೇ ಅಮೆರಿಕದ ಅಧ್ಯಯನ ತೋರಿಸಿದೆ. ಖರ್ಚಿಲ್ಲದ ಔಷಧ ಇದು. ಆದರೆ ತಾನು ಹೊಸ್ತಿಲಲ್ಲಿದ್ದೇನೆ ಎಂದೇ ತಿಳಿಯದವನು ಹಿಂದೆ ತಿರುಗುವುದು ಹೇಗೆ?

ನಮ್ಮ ಸೀಮೆಯನ್ನೇ ನೋಡಿ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿರುಗುಪ್ಪ ಭತ್ತದ ನಾಡಾಯಿತು. ಜೋಳದ ರೊಟ್ಟಿ ತಿನ್ನುತ್ತಿದ್ದ ಮನೆಗಳಲ್ಲಿ ಮೂರು ಹೊತ್ತೂ ಬಿಳಿ ಅನ್ನ. ಬಳ್ಳಾರಿಯಲ್ಲಿ ಸಾವಿರಾರು ಜನ ದಿನವಿಡೀ ಹೊಲಿಗೆ ಮಷಿನ್ನಿನ ಮುಂದೆ ಕೂತು ಜೀನ್ಸ್ ಹೊಲಿಯುತ್ತಾರೆ. ಸಂಜೆಗೆ ವಗ್ಗರಣಿ, ಮಿರ್ಚಿ. ನಾನೂ ತಿನ್ನುವವನೇ, ಬಿಡಿ ಎಂದು ಉಪದೇಶ ಮಾಡಲಾರೆ. ಆದರೆ ಅನ್ನ ಎಷ್ಟು, ರೊಟ್ಟಿ ಎಷ್ಟು, ನಡಿಗೆ ಎಷ್ಟು ಎಂದು ಯೋಚಿಸಲು ಮೊದಲು ತನ್ನ ರಕ್ತದ ಲೆಕ್ಕ ತನಗೆ ತಿಳಿದಿರಬೇಕು.

ಇನ್ನು ಕಾನೂನಿನ ಮಾತು. 1963ರಲ್ಲಿ ರಾಜ್ಯದ ಆಡಳಿತ ಭಾಷಾ ಕಾಯ್ದೆ ಬಂತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಬಂತು. 2024ರ ತಿದ್ದುಪಡಿಯಿಂದ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಲೇಬೇಕೆಂದಾಯಿತು. ಸಂತೋಷ. ನಾವೇ ಹೋರಾಡಿದ್ದೇವೆ. ಆದರೆ ಲ್ಯಾಬಿನ ಬಾಗಿಲ ಮೇಲೆ 60 ಭಾಗ ಕನ್ನಡ, ಒಳಗಿನಿಂದ ಬರುವ ಹಾಳೆಯಲ್ಲಿ ಸೊನ್ನೆ ಭಾಗ ಕನ್ನಡ! ಬೋರ್ಡು ಓದಿ ಯಾರ ಜೀವ ಉಳಿಯುತ್ತದೆ ಹೇಳಿ?

ಬಳ್ಳಾರಿ ಕನ್ನಡನಾಡಿಗೆ ಪುಕ್ಕಟೆಯಾಗಿ ಬಂದ ಊರಲ್ಲ. 1953ರ ಅಕ್ಟೋಬರ್ 1ರಂದು ಈ ಮಣ್ಣು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಪೈಲ್ವಾನ್ ರಂಜಾನ್ ಸಾಬ್ ತಮ್ಮ ಪ್ರಾಣವನ್ನೇ ಕೊಟ್ಟಿದ್ದರು. ಅವರು ಪ್ರಾಣ ಕೊಟ್ಟದ್ದು ಬರೀ ಬೋರ್ಡು ಬರೆಸುವುದಕ್ಕಲ್ಲ.

ಕನ್ನಡದ ರಿಪೋರ್ಟು ಕೇಳಿದರೆ ಏನು ಉತ್ತರ ಬರುತ್ತದೆ ನನಗೆ ಗೊತ್ತು. ನಾನೇ ಒಂದು ಲ್ಯಾಬಿನವರನ್ನು ಕೇಳಿದ್ದೆ. 'ಬೆಂಗಳೂರು, ಹೈದರಾಬಾದಿಗೆ ಹೋದರೆ ಅಲ್ಲಿಯ ಡಾಕ್ಟರಿಗೆ ಇಂಗ್ಲಿಷೇ ಬೇಕು' ಅಂದರು. ಇಂಗ್ಲಿಷು ತೆಗೆಯಿರಿ ಎಂದವರಾರು? ಪಕ್ಕದಲ್ಲಿ ಕನ್ನಡ ಹಾಕಿ. 'ಕಂಪ್ಯೂಟರಿನಲ್ಲಿ ಬರುವುದಿಲ್ಲ' ಅಂದರು. ನಿಮ್ಮ ಹೊಲದ ಪಹಣಿ ಕಂಪ್ಯೂಟರಿನಿಂದ ಕನ್ನಡದಲ್ಲೇ ಬರುತ್ತದಲ್ಲ! ಗುಂಟೆ ಮಣ್ಣಿಗೆ ಸಿಕ್ಕ ಕನ್ನಡ ಮನುಷ್ಯನ ರಕ್ತಕ್ಕೆ ಏಕಿಲ್ಲ? 'ಕನ್ನಡದಲ್ಲಿ ಪದಗಳೆಲ್ಲಿವೆ' ಅಂದರು. ಡಾ. ಅನುಪಮಾ ನಿರಂಜನ ಅವರು 'ತಾಯಿ ಮಗು' ಬರೆದು ಎಷ್ಟು ವರ್ಷವಾಯಿತು! ಪದ ಸಿಗದ ಕಡೆ ಟ್ರೈಗ್ಲಿಸರೈಡು ಎಂದೇ ಕನ್ನಡ ಅಕ್ಷರದಲ್ಲಿ ಬರೆಯಿರಿ, ಮುಂದೆ 'ರಕ್ತದ ಕೊಬ್ಬು, 150ಕ್ಕಿಂತ ಕೆಳಗಿರಬೇಕು' ಎಂದು ಸೇರಿಸಿ. ಇಷ್ಟೇ.

ನಮ್ಮ ಒತ್ತಾಯ ಸರಳ. ಮೊದಲು ಸರಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ, ಆಮೇಲೆ ಖಾಸಗಿಯವರಲ್ಲಿ, ರಿಪೋರ್ಟು ಎರಡೂ ಭಾಷೆಯಲ್ಲಿ ಬರಬೇಕು. ಸೊಂಟದ ಅಳತೆ ಮತ್ತು ಬಿಪಿ ಅದೇ ಹಾಳೆಯಲ್ಲಿ ಬರಬೇಕು, ಐದೂ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಕೊನೆಯಲ್ಲಿ ಕನ್ನಡದಲ್ಲಿ ಒಂದು ಸಾಲು: ವೈದ್ಯರನ್ನು ಯಾವಾಗ ಕಾಣಬೇಕು.

ನನ್ನ ಪಾಲಿನ ಕೆಲಸವನ್ನು ನಾನು ಶುರು ಮಾಡಿದ್ದೇನೆ. ಕನ್ನಡ ಇಲ್ಲದ ರಿಪೋರ್ಟು ಫಾರಂ ಇನ್ನು ನನ್ನ ಪ್ರೆಸ್ಸಿನಲ್ಲಿ ಅಚ್ಚಾಗುವುದಿಲ್ಲ. ಕನ್ನಡ ಸೇರಿಸುವ ಲ್ಯಾಬಿನವರಿಗೆ ಕಂಪೋಜಿಂಗ್ ಖರ್ಚು ನನ್ನದೇ. ಎರಡು ಗಿರಾಕಿಗಳು ಬಿಟ್ಟುಹೋದರು, ಒಬ್ಬರು ಒಪ್ಪಿದ್ದಾರೆ. ಒಬ್ಬರಿಂದ ಹತ್ತಾಗುವುದು ನಿಮ್ಮ ಕೈಯಲ್ಲಿದೆ. ಮುಂದಿನ ಸಲ ಕೌಂಟರಿನಲ್ಲಿ ದುಡ್ಡು ಕೊಡುವಾಗ ಜಗಳ ಬೇಡ, ಬೈಗುಳ ಬೇಡ. "ಕನ್ನಡದಲ್ಲಿ ಕೊಡ್ರಿ" ಎಂದು ಕೇಳಿ. ಇಲ್ಲವೆಂದರೆ, "ಯಾಕಿಲ್ಲ?" ಎಂದು ಇನ್ನೊಮ್ಮೆ ಕೇಳಿ.

ಈ ಪತ್ರಿಕೆ ಕೆಳಗಿಟ್ಟ ಕೂಡಲೇ ಆ ಹಳೆಯ ರಿಪೋರ್ಟು ಹುಡುಕಿ. ಮನೆಯಲ್ಲಿ ಟೇಪು ಇದ್ದರೆ ಸೊಂಟ ಅಳೆಯಿರಿ. ಐದರಲ್ಲಿ ಎಷ್ಟು ಮೀರಿವೆ ಎಣಿಸಿ. ಮೂರಾದರೆ ನಾಳೆ ಬೆಳಿಗ್ಗೆಯೇ ಡಾಕ್ಟರಲ್ಲಿಗೆ ಹೊರಡಿ. ನಮ್ಮ ಬೈಂಡರಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ನಿಮಗೆ ಹೇಳಿದ್ದೇನೆ.

ಸಿರಿಗನ್ನಡಂ ಗೆಲ್ಗೆ!