ತೇಲುವ ನಗರದ ಲೆಕ್ಕಪತ್ರ

ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಜನವರಿಯಲ್ಲಿ ಹೊರಟು, ನೂರಕ್ಕೂ ಹೆಚ್ಚು ದಿನ ಕಡಲಿನ ಮೇಲೆ ಸುತ್ತಿ, ಮರಳಿ ಅದೇ ಬಂದರನ್ನು ಸೇರುವ ವಿಲಾಸಯಾತ್ರೆಗಳುಂಟು. ಈ ವಾಡಿಕೆ ಹೊಸದೇನಲ್ಲ. 1922ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಹೊರಟ ‘ಲಕೋನಿಯಾ’ ಎಂಬ ಹಡಗು ಮರುವರ್ಷ ಭೂಪ್ರದಕ್ಷಿಣೆಯನ್ನು ಮುಗಿಸಿ ಬಂದಿತ್ತು. ಇಂದು ಇಂತಹ ಯಾತ್ರೆಗಳಿಗೆ ಹೆಸರಾದುದು ‘ಕ್ವೀನ್ ಮೇರಿ 2’. 2004ರಲ್ಲಿ ಸೇವೆಗಿಳಿದ ಈ ನೌಕೆಯ ಉದ್ದ 345 ಮೀಟರು. ಪ್ರಯಾಣಿಕರೂ ನೌಕರರೂ ಕೂಡಿ ಸುಮಾರು 3,900 ಮಂದಿ ಇದರಲ್ಲಿ ಇರಬಲ್ಲರು. ಒಂದು ದೊಡ್ಡ ಊರನ್ನೇ ಕಿತ್ತು ನೀರಿನ ಮೇಲೆ ತೇಲಿಬಿಟ್ಟಂತೆ.

ಈ ಊರಿನ ದಿನಚರಿ ಬಹು ಸುಖಕರವಾದುದು. ಬೆಳಗಿನ ಉಪಾಹಾರ, ಹೊರಜಗಲಿಯ ಮೇಲೆ ಒಂದೆರಡು ಸುತ್ತು ನಡಿಗೆ, ಯಾರೋ ವಿದ್ವಾಂಸರ ಉಪನ್ಯಾಸ, ಸಹಸ್ರಾರು ಗ್ರಂಥಗಳಿರುವ ಪುಸ್ತಕಾಲಯ, ಮಧ್ಯಾಹ್ನದ ಚಹ, ರಾತ್ರಿ ವಾದ್ಯಗೋಷ್ಠಿ. ಒಂದು ನಕ್ಷತ್ರಮಂದಿರವೂ ಉಂಟು! ಮೇಲಂತಸ್ತುಗಳ ದೀಪಗಳ ಪ್ರಭೆಯಲ್ಲಿ ನಿಜವಾದ ತಾರೆಗಳು ಮಂಕಾಗುವುದರಿಂದ, ನಡುಗಡಲಿನಲ್ಲಿದ್ದೂ ಜನರು ಗುಮ್ಮಟದ ಒಳಗೆ ಕುಳಿತು ಕೃತಕ ತಾರೆಗಳನ್ನು ನೋಡುತ್ತಾರೆ. ನಡುಹಗಲಿನ ಹೊತ್ತಿಗೆ ನೌಕಾಧಿಪತಿಯ ಕಡೆಯಿಂದ ಧ್ವನಿವರ್ಧಕದಲ್ಲಿ ಒಂದು ಪ್ರಕಟಣೆ ಬರುತ್ತದೆ. ಹಡಗು ಈಗ ಯಾವ ಅಕ್ಷಾಂಶ ರೇಖಾಂಶಗಳಲ್ಲಿದೆ, ಗಾಳಿ ಎತ್ತಣಿಂದ ಬೀಸುತ್ತಿದೆ, ಕೆಳಗೆ ಕಡಲಿನ ಆಳವೆಷ್ಟು ಎಂಬುದನ್ನೆಲ್ಲ ಆಗ ತಿಳಿಸುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಆ ಪ್ರಕಟಣೆ ಅರ್ಧದಲ್ಲೇ ನಿಲ್ಲುತ್ತದೆಂದು ನನ್ನ ಅಭಿಪ್ರಾಯ. ನಿನ್ನೆಯಿಂದ ಇಂದಿನವರೆಗೆ ಎಷ್ಟು ನೀರನ್ನು ತಯಾರಿಸಿದೆವು, ಎಷ್ಟು ಎಣ್ಣೆಯನ್ನು ಸುಟ್ಟೆವು, ಕಡಲಿಗೆ ಏನನ್ನು ಬಿಟ್ಟೆವು ಎಂಬ ಮೂರು ಸಂಖ್ಯೆಗಳನ್ನೂ ಅದರಲ್ಲಿ ಓದಬೇಕು.

ನೀರಿನ ಸಂಗತಿಯನ್ನೇ ನೋಡೋಣ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ, ಅದನ್ನು ಕುಡಿಯುವಂತಿಲ್ಲ. ನೂರು ದಿನಕ್ಕೆ ಸಾಲುವಷ್ಟು ಸಿಹಿನೀರನ್ನು ಹೊತ್ತೊಯ್ಯುವುದೂ ಆಗದ ಮಾತು. ಆದುದರಿಂದ ಹಡಗು ತನ್ನ ನೀರನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕ್ವೀನ್ ಮೇರಿಯಲ್ಲಿ ಇದಕ್ಕಾಗಿ ಮೂರು ಸ್ಥಾವರಗಳಿವೆ. ಯಂತ್ರಗಳನ್ನು ತಂಪುಮಾಡಿ ಬಿಸಿಯಾದ ನೀರಿನ ಶಾಖವನ್ನೂ ಹಬೆಯ ಶಾಖವನ್ನೂ ಇಲ್ಲಿ ಕೆಲಸಕ್ಕೆ ಹಚ್ಚುತ್ತಾರೆ. ಪಾತ್ರೆಯೊಳಗಿನ ಒತ್ತಡವನ್ನು ತಗ್ಗಿಸಿದರೆ ನೀರು 100 ಡಿಗ್ರಿಗಿಂತ ಬಹಳ ಕೆಳಗೇ ಕುದಿಯುತ್ತದೆಂಬುದನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಷ್ಟೆ. ಒಂದು ಹಂತದಲ್ಲಿ ಎದ್ದ ಹಬೆ ಮುಂದಿನ ಹಂತದ ಉಪ್ಪುನೀರನ್ನು ಕಾಯಿಸಿ ತಾನು ತಣಿದು ಸಿಹಿನೀರಾಗುತ್ತದೆ. ಅಲ್ಲಿ ಎದ್ದ ಹಬೆ ಅದರ ಮುಂದಿನದನ್ನು ಕಾಯಿಸುತ್ತದೆ. ಹೀಗೆ ಒಂದೇ ಶಾಖವನ್ನು ಹಲವು ಸಲ ದುಡಿಸಿಕೊಂಡು ದಿನಕ್ಕೆ ಸರಾಸರಿ 11 ಲಕ್ಷ ಲೀಟರ್ ನೀರನ್ನು ಪಡೆಯುತ್ತಾರೆ. ತಲೆಗೆ ಹಂಚಿದರೆ 280 ಲೀಟರಿಗೂ ಮಿಕ್ಕುತ್ತದೆ! ಒಳಚರಂಡಿಯುಳ್ಳ ನಗರಗಳಿಗೆಂದು ನಮ್ಮ ದೇಶದಲ್ಲಿ ಗೊತ್ತುಪಡಿಸಿರುವ ಪ್ರಮಾಣ ತಲೆಗೆ 135 ಲೀಟರ್; ಹಳ್ಳಿಯ ಮನೆಗಳಿಗೆ ಬರಿಯ 55. ಸ್ನಾನದ ಕೊಠಡಿಯಲ್ಲಿ ನಲ್ಲಿಯನ್ನು ತಿರುಗಿಸುವ ಪ್ರಯಾಣಿಕನಿಗೆ ಇದೊಂದೂ ಗೊತ್ತಾಗುವುದಿಲ್ಲ. ಇಂತಹ ಸೊಗಸಾದ ಕೌಶಲವನ್ನು ಕಬ್ಬಿಣದ ಬಾಗಿಲುಗಳ ಹಿಂದೆ ಮುಚ್ಚಿಟ್ಟು, ಮೇಲೆ ಜೂಜಿನ ಕೋಣೆಯನ್ನು ತೆರೆದಿಡುವುದು ನನಗಂತೂ ವಿಚಿತ್ರವಾಗಿ ತೋರುತ್ತದೆ.

ಎಣ್ಣೆಯ ಲೆಕ್ಕದಲ್ಲಿಯೂ ಕಲಿಯಬೇಕಾದುದುಂಟು. ಈ ಹಡಗನ್ನು ನೂಕುವ ನಾಲ್ಕು ವಿದ್ಯುತ್ ಮೋಟಾರುಗಳ ಒಟ್ಟು ಸಾಮರ್ಥ್ಯ 86 ಮೆಗಾವಾಟ್. ಹಡಗಿಗೆ ಬೇಕಾಗುವ ಶಕ್ತಿ ಹೆಚ್ಚು ಕಡಮೆ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಶಕ್ತಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ವಿಹಾರಕ್ಕೆಂದು ಹೊರಟವರಿಗೆ ಅವಸರವೇಕೆ? ಇಂತಹ ಹಡಗಿನಲ್ಲಿ ಕಾಲವೇ ನಿಧಾನವಾಗಿ ಸರಿಯುತ್ತದೆ. ಏಳು ರಾತ್ರಿಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ಪಶ್ಚಿಮಕ್ಕೆ ದಾಟುವಾಗ ಗಡಿಯಾರವನ್ನು ಐದು ಸಲ ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ವಿಮಾನದಲ್ಲಿ ಒಂದೇ ನೆಗೆತಕ್ಕೆ ಕಲಕಿಹೋಗುವ ದೇಹದ ಗಡಿಯಾರ ಇಲ್ಲಿ ಇಪ್ಪತ್ತೈದು ಗಂಟೆಗಳ ದಿನಗಳಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ.

ಮೂರನೆಯ ಸಂಖ್ಯೆಯೇ ಮುಜುಗರದ್ದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ಲಾಸ್ಟಿಕ್ಕನ್ನು ಕಡಲಿಗೆ ಎಲ್ಲಿಯೂ ಎಸೆಯುವಂತಿಲ್ಲ. ಆದರೆ ಬಾಲ್ಟಿಕ್ ಮುಂತಾಗಿ ವಿಶೇಷ ರಕ್ಷಣೆ ಪಡೆದ ಕಡಲುಗಳನ್ನು ಬಿಟ್ಟರೆ, ತೀರದಿಂದ 12 ನಾಟಿಕಲ್ ಮೈಲಿಗಳಾಚೆ, ಹಡಗು ಸಾಗುತ್ತಿರುವಾಗ, ಶುದ್ಧೀಕರಿಸದ ಮಲಿನ ಜಲವನ್ನೂ ನಿಧಾನವಾಗಿ ಬಿಡಬಹುದು. ಹೊಸ ಹಡಗುಗಳಲ್ಲಿ ಅನೇಕವು ನಿಯಮ ಕೇಳುವುದಕ್ಕಿಂತ ಉತ್ತಮವಾಗಿ ಶುದ್ಧೀಕರಿಸುತ್ತವೆಂಬುದೂ ನಿಜವೇ. ಹೊಗೆಯ ವಿಷಯ ಇನ್ನೂ ಸೂಕ್ಷ್ಮ. 2020ರ ಜನವರಿಯಿಂದ ಹಡಗಿನ ಎಣ್ಣೆಯಲ್ಲಿರಬಹುದಾದ ಗಂಧಕವನ್ನು ನೂರಕ್ಕೆ 3.5ರಿಂದ 0.5ಕ್ಕೆ ಇಳಿಸಲಾಯಿತು. ಅಗ್ಗದ ಕೊಳಕು ಎಣ್ಣೆಯನ್ನೇ ಸುಡಬಯಸುವವರಿಗೆ ಒಂದು ದಾರಿಯೂ ಉಳಿಯಿತು: ಹೊಗೆಯನ್ನು ಕಡಲ ನೀರಿನಿಂದ ತೊಳೆಯುವುದು. ಈ ಉಪಕರಣಗಳಲ್ಲಿ ಒಂದು ಬಗೆಯವು ತೊಳೆದ ಆಮ್ಲಯುಕ್ತ ನೀರನ್ನು ಹಾಗೆಯೇ ಕಡಲಿಗೆ ಸುರಿಯುತ್ತವೆ. ಆಕಾಶದಲ್ಲಿ ಹೊಗೆ ತಿಳಿಯಾಯಿತು, ಸರಿ, ಹೊಲಸು ಹೋದುದೆಲ್ಲಿಗೆ? ಸಿಂಗಪುರವು 2020ರಿಂದ ತನ್ನ ಬಂದರಿನ ನೀರಿನಲ್ಲಿ ಇದನ್ನು ನಿಷೇಧಿಸಿತು. ಇತರ ಬಂದರುಗಳೂ ಹಾಗೆಯೇ ಮಾಡುವುದು ಯುಕ್ತವೆಂದು ನಾನು ಭಾವಿಸುತ್ತೇನೆ.

ವಿಶ್ರಾಂತಿಗೆಂದು ಹಣ ತೆತ್ತು ಬಂದವನ ಕಿವಿಗೆ ಚರಂಡಿಯ ಲೆಕ್ಕವನ್ನು ಏಕೆ ಹಾಕಬೇಕು ಎಂದು ಕೇಳುವವರಿರಬಹುದು. ಆದರೆ ಕಡಲಿನ ಆಳವನ್ನು ಕೇಳಿ ಅವನ ವಿಶ್ರಾಂತಿ ಕೆಡಲಿಲ್ಲವಷ್ಟೆ. ಬಂದರಿನ ಅಧಿಕಾರಿಗಳು ಕೇಳಿದರೆ ತೋರಿಸಲೆಂದು ಎಣ್ಣೆಯ, ಕಸದ ದಾಖಲೆಗಳನ್ನು ಹಡಗು ಹೇಗೂ ಬರೆದಿಡಲೇಬೇಕು. ಹೊಸ ಶ್ರಮವೇನೂ ಇಲ್ಲ. ಬರೆದುದನ್ನು ಗಟ್ಟಿಯಾಗಿ ಓದಿದರೆ ಸಾಕು.

ಓದುವುದಾದರೆ ನಾಲ್ಕನೆಯದೊಂದನ್ನೂ ಸೇರಿಸಬಹುದು: ನೌಕರರು ದುಡಿದ ಗಂಟೆಗಳು. 24 ಗಂಟೆಗಳಲ್ಲಿ 14ಕ್ಕಿಂತ ಹೆಚ್ಚು ದುಡಿಸಬಾರದೆಂದು 2006ರ ನಾವಿಕ ಕಾರ್ಮಿಕ ಒಪ್ಪಂದ ಹೇಳುತ್ತದೆ. ಹದಿನಾಲ್ಕೆಂದರೇನು ಕಡಮೆಯೇ? ಮಂಗಳೂರು, ಉಡುಪಿ, ಕಾರವಾರಗಳ ಕಡೆಯ ತರುಣರೂ ಇಂತಹ ಹಡಗುಗಳ ಅಡಿಗೆಮನೆಗಳಲ್ಲಿ, ಊಟದ ಶಾಲೆಗಳಲ್ಲಿ ತಿಂಗಳುಗಟ್ಟಲೆ ದುಡಿಯುತ್ತಾರೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೋವಿಡ್ ರೋಗದ ಕಾರಣ ತಡೆದು ನಿಲ್ಲಿಸಿದಾಗ ಅದರಲ್ಲಿದ್ದ ಸುಮಾರು 3,700 ಮಂದಿಯಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಪ್ರಯಾಣಿಕರನ್ನು ತಮ್ಮ ತಮ್ಮ ಕೊಠಡಿಗಳಲ್ಲಿ ಇರಿಸಿದರು. ನೌಕರರು ಮಾತ್ರ ಒಂದೊಂದು ಬಾಗಿಲಿಗೂ ಊಟವನ್ನು ಹೊತ್ತು ತಿರುಗಿ, ರಾತ್ರಿ ಒಂದೇ ಕೊಠಡಿಯಲ್ಲಿ ಹಲವರು ಕೂಡಿ ಮಲಗಿದರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಭಾರತೀಯರಾಗಿದ್ದರು.