ಕರಾವಳಿಯ ದಡಸಮೀಪ ಹಾಗೂ ಆಳಸಮುದ್ರ ಮೀನುಗಾರಿಕೆ: ಪ್ರಸಕ್ತ ಸ್ಥಿತಿಯ ವಿಶ್ಲೇಷಣೆ

ಕರ್ನಾಟಕ ರಾಜ್ಯವು ಉತ್ತರ ಕನ್ನಡ, ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ 300 ಕಿ.ಮೀ.ಗೂ ಅಧಿಕ ಉದ್ದದ ಕಡಲತೀರವನ್ನು ಹೊಂದಿರುತ್ತದೆ. ಈ ಕಡಲು ನೋಟಕ್ಕೆ ಒಂದೇ ಆಗಿದ್ದರೂ ಆಡಳಿತದ ದೃಷ್ಟಿಯಿಂದ ಎರಡು ಭಾಗಗಳಾಗಿದೆ. 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ವರೆಗಿನ ಪ್ರಾದೇಶಿಕ ಜಲದ ಮೀನುಗಾರಿಕೆಯು ರಾಜ್ಯದ ವ್ಯಾಪ್ತಿಗೆ ಸೇರಿದ್ದು, ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986ಕ್ಕೆ ಒಳಪಟ್ಟಿರುತ್ತದೆ. ಅಲ್ಲಿಂದ 200 ನಾಟಿಕಲ್ ಮೈಲುವರೆಗಿನ ಅನನ್ಯ ಆರ್ಥಿಕ ವಲಯವು ಕೇಂದ್ರ ಸರ್ಕಾರದ ವ್ಯಾಪ್ತಿಯಲ್ಲಿದೆ. ಈ ಎರಡನೆಯ ಭಾಗಕ್ಕೆ 2025ರ ನವೆಂಬರ್‌ನಲ್ಲಿ ಕೇಂದ್ರವು ಹೊಸ ನಿಯಮಗಳನ್ನು ಹೊರಡಿಸಿರುವುದರಿಂದ ಎರಡೂ ಭಾಗಗಳ ಸ್ಥಿತಿಯನ್ನು ಒಟ್ಟಾಗಿ ಪರಿಶೀಲಿಸುವುದು ಅವಶ್ಯವಾಗಿದೆ.

1. ಮಳೆಗಾಲ ಮತ್ತು ಮೀನಿನ ಸಂತಾನ

ನೈಋತ್ಯ ಮುಂಗಾರಿನ ಅವಧಿಯಲ್ಲಿ ಮೇಲ್ಪದರದ ನೀರು ದಡದಿಂದ ದೂರ ಸರಿದು, ತಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಈ ನೀರಿನಲ್ಲಿರುವ ಪೋಷಕಾಂಶಗಳಿಂದ ಸೂಕ್ಷ್ಮ ಸಸ್ಯಜೀವಿಗಳು ವಿಪುಲವಾಗಿ ಬೆಳೆದು ಬೂತಾಯಿಯಂತಹ ಮೀನುಗಳಿಗೆ ಆಹಾರವಾಗುತ್ತವೆ. ಅನೇಕ ಮೀನುಗಳು ಮೊಟ್ಟೆಯಿಡುವುದೂ ಇದೇ ಕಾಲದಲ್ಲಿ. ಆದುದರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. ಈ ಅವಧಿಯು 2015ಕ್ಕೂ ಮುಂಚೆ 47 ದಿನಗಳಾಗಿತ್ತು. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಮೋಟಾರು ಅಳವಡಿಸಿದ ನಾಡದೋಣಿಗಳಿಗೆ ಈ ನಿಷೇಧದಿಂದ ವಿನಾಯಿತಿ ಇರುತ್ತದೆ.

ನಿಷೇಧವನ್ನು ಕೇವಲ ಬಿರುಗಾಳಿಯಿಂದ ರಕ್ಷಣೆ ನೀಡುವ ಕ್ರಮವೆಂದು ಭಾವಿಸುವುದು ಸರಿಯಲ್ಲ. ಮುಂದಿನ ಹಂಗಾಮಿನ ಬಂಡವಾಳವನ್ನು ಕಾಯ್ದಿರಿಸುವುದೂ ಅದರ ಉದ್ದೇಶವಾಗಿದೆ.

2. ದಡಸಮೀಪದ ಒತ್ತಡ

1970ರ ದಶಕದ ಮಧ್ಯಭಾಗದವರೆಗೆ ಕರಾವಳಿಯಲ್ಲಿ ರಂಪಣಿ ಬಲೆಯು ಪ್ರಮುಖವಾಗಿತ್ತು. ಊರವರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ಈ ಬಲೆಯು, ಮೀನು ದಡಕ್ಕೆ ಬಂದಾಗ ಮಾತ್ರ ಫಲ ನೀಡುತ್ತಿತ್ತು. ಪರ್ಸಿನ್ ದೋಣಿಗಳು ಬಂದ ನಂತರ ಮೀನಿನ ಗುಂಪನ್ನು ದಡ ತಲುಪುವ ಮೊದಲೇ ಸುತ್ತುವರಿದು ಹಿಡಿಯುವುದು ಸಾಧ್ಯವಾಯಿತು ಮತ್ತು ರಂಪಣಿಯು ಕ್ಷೀಣಿಸಿತು. ಇಂದು ನಾಡದೋಣಿ, ಟ್ರಾಲ್ ದೋಣಿ ಹಾಗೂ ಪರ್ಸಿನ್ ದೋಣಿಗಳು ಬಹುತೇಕ ಒಂದೇ ನೀರಿನಲ್ಲಿ ಪೈಪೋಟಿ ನಡೆಸುತ್ತಿವೆ. ದೂರ ಹೋಗಲು ಶಕ್ತಿಯಿಲ್ಲದ ನಾಡದೋಣಿಯವರಿಗೆ ಈ ಪೈಪೋಟಿಯ ಹೊರೆ ಹೆಚ್ಚು.

ಪ್ರಖರ ದೀಪಗಳಿಂದ ಮೀನನ್ನು ಆಕರ್ಷಿಸಿ ಹಿಡಿಯುವ ವಿಧಾನವನ್ನು ಅನನ್ಯ ಆರ್ಥಿಕ ವಲಯದಲ್ಲಿ ಕೇಂದ್ರವು 2017ರ ನವೆಂಬರ್‌ನಲ್ಲಿಯೇ ನಿಷೇಧಿಸಿತು. ಬೆಳಕಿಗೆ ದೊಡ್ಡ ಮೀನಿನೊಂದಿಗೆ ಮರಿಗಳೂ ಬರುತ್ತವೆ. ಒಮ್ಮೆಯೂ ಮೊಟ್ಟೆಯಿಡದ ಮರಿಗಳನ್ನು ಹಿಡಿದಲ್ಲಿ 61 ದಿನಗಳ ನಿಷೇಧದಿಂದ ಉಳಿಸಿದ್ದು ಕೆಲವೇ ರಾತ್ರಿಗಳಲ್ಲಿ ನಷ್ಟವಾಗುತ್ತದೆ.

3. ಆಳಸಮುದ್ರದ ಅವಕಾಶ ಮತ್ತು ಅಪಾಯ

2025ರ ನಿಯಮಗಳ ಪ್ರಕಾರ ಯಾಂತ್ರೀಕೃತ ದೋಣಿಗಳು ಹಾಗೂ ದೊಡ್ಡ ಗಾತ್ರದ ಮೋಟಾರು ದೋಣಿಗಳು ಅನನ್ಯ ಆರ್ಥಿಕ ವಲಯದಲ್ಲಿ ಮೀನು ಹಿಡಿಯಲು ಪ್ರವೇಶ ಪರವಾನಗಿಯನ್ನು ಪಡೆಯತಕ್ಕದ್ದು. ಇದನ್ನು ರಿಯಲ್‌ಕ್ರಾಫ್ಟ್ ಜಾಲತಾಣದ ಮೂಲಕ ಶುಲ್ಕರಹಿತವಾಗಿ ನೀಡಲಾಗುತ್ತದೆ. ಸಾಂಪ್ರದಾಯಿಕ ಹಾಗೂ ಸಣ್ಣ ಮೀನುಗಾರರಿಗೆ ಇದರ ಅವಶ್ಯಕತೆ ಇರುವುದಿಲ್ಲ. ಸಹಕಾರ ಸಂಘಗಳಿಗೆ ಆದ್ಯತೆ ನೀಡಲಾಗಿದೆ. ಬೆಳಕು ಮೀನುಗಾರಿಕೆ ಹಾಗೂ ಬುಲ್ ಟ್ರಾಲಿಂಗ್ ನಿಷೇಧವು ಮುಂದುವರಿದಿದೆ.

ಆದರೆ ಪರವಾನಗಿಯೊಂದರಿಂದಲೇ ಆಳಸಮುದ್ರವು ಸುಗಮವಾಗುವುದಿಲ್ಲ. ದೂರ ಹೋದಂತೆ ಡೀಸೆಲ್, ಮಂಜುಗಡ್ಡೆ ಹಾಗೂ ದಿನಗಳ ವೆಚ್ಚ ಹೆಚ್ಚುತ್ತದೆ. ರಕ್ಷಣೆ ತಲುಪಲು ವಿಳಂಬವಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ತೆರಳಿದ ಸುವರ್ಣ ತ್ರಿಭುಜ ದೋಣಿಯು ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅದರ ಅವಶೇಷವನ್ನು ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣ್ ಸಮೀಪ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತವೂ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವೂ ಈ ಕಡಲನ್ನು ಕಲಕಿದವು. ಆದುದರಿಂದ ದೋಣಿಯ ಇರುವಿಕೆಯನ್ನು ತಿಳಿಸುವ ಟ್ರಾನ್ಸ್‌ಪಾಂಡರ್ ಉಪಕರಣವನ್ನು ಕೇವಲ ನಿಯಂತ್ರಣದ ಸಾಧನವೆಂದು ಪರಿಗಣಿಸದೆ ಜೀವರಕ್ಷಣೆಯ ಸಾಧನವೆಂದು ಪರಿಗಣಿಸುವುದು ಸೂಕ್ತ.

ಮೀನಿನ ಲಭ್ಯತೆಯ ಮುನ್ಸೂಚನೆಯನ್ನು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ನೀಡುತ್ತದೆ. ಉಪಗ್ರಹದಿಂದ ದೊರೆತ ಕಡಲ ಮೇಲ್ಮೈ ಉಷ್ಣಾಂಶ ಹಾಗೂ ಹರಿತ್ತಿನ ಪ್ರಮಾಣವನ್ನು ಆಧರಿಸಿ ಇದನ್ನು ಸಿದ್ಧಪಡಿಸಲಾಗುತ್ತದೆ. ಮೀನು ಹುಡುಕುವ ಅಲೆದಾಟ ತಪ್ಪಿದಷ್ಟೂ ಡೀಸೆಲ್ ಉಳಿತಾಯವಾಗುತ್ತದೆ.

4. ಅರ್ಜಿದಾರರ ಗಮನಕ್ಕೆ

(ಅ) ನಿಷೇಧದ ಅವಧಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಇರುತ್ತದೆ. ಮೀನುಗಾರರು ತುಂಬಿದ ರೂ. 1,500ಕ್ಕೆ ಸರ್ಕಾರಗಳ ರೂ. 3,000 ಸೇರಿಸಿ ಒಟ್ಟು ರೂ. 4,500ನ್ನು ಮೂರು ತಿಂಗಳಲ್ಲಿ ನೀಡಲಾಗುತ್ತದೆ.

(ಆ) ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಅಪಘಾತದಿಂದ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದಲ್ಲಿ ರೂ. 5 ಲಕ್ಷ ವಿಮಾ ಪರಿಹಾರವಿದೆ. ವಿಮಾ ಕಂತನ್ನು ಮೀನುಗಾರರು ಭರಿಸಬೇಕಾಗಿಲ್ಲ.

(ಇ) ಹುಮನಾಬಾದ್, ಬಸವಕಲ್ಯಾಣ ಮುಂತಾದ ಒಳನಾಡು ತಾಲ್ಲೂಕುಗಳವರಿಗೆ ಕಡಲ ದೋಣಿಯ ನಿಷೇಧವಾಗಲಿ ಪ್ರವೇಶ ಪರವಾನಗಿಯಾಗಲಿ ಅನ್ವಯಿಸುವುದಿಲ್ಲ. ಆದಾಗ್ಯೂ ಮೇಲಿನ ವಿಮಾ ಸೌಲಭ್ಯವು ಬೀದರ್ ಜಿಲ್ಲೆಯ ಕಾರಂಜಾ ಹಾಗೂ ಚುಳಕಿ ನಾಲಾ ಜಲಾಶಯಗಳಲ್ಲಿ ಮೀನು ಹಿಡಿಯುವವರಿಗೂ ಲಭ್ಯವಿರುತ್ತದೆ. ಕಡಲಿಗೆ ಹೋಗುವವರಿಗೆ ಮಾತ್ರ ವಿಮೆ ಎಂಬ ತಪ್ಪು ತಿಳಿವಳಿಕೆಯಿಂದ ಅರ್ಹರು ಹೊರಗುಳಿಯಬಾರದು. ಇಂತಹವರು ತಾಲ್ಲೂಕಿನ ಮೀನುಗಾರಿಕೆ ಕಚೇರಿಯನ್ನು ಸಂಪರ್ಕಿಸುವುದು.

5. ಉಪಸಂಹಾರ

ಹೊಸ ನಿಯಮಗಳ ಫಲವನ್ನು ನೀಡಿದ ಪರವಾನಗಿಗಳ ಸಂಖ್ಯೆಯಿಂದ ಅಳೆಯಲಾಗದು. ದೊಡ್ಡ ದೋಣಿಗಳು ಸುರಕ್ಷಿತವಾಗಿ ದೂರದ ನೀರಿಗೆ ತೆರಳಿ, ದಡಸಮೀಪದ ನೀರು ನಾಡದೋಣಿಗಳಿಗೂ ಮೀನಿನ ಮರಿಗಳಿಗೂ ಉಳಿದಲ್ಲಿ ಮಾತ್ರ ಉದ್ದೇಶ ಈಡೇರುತ್ತದೆ. ಪರವಾನಗಿ ಪಡೆದ ದೋಣಿಯು ದಡದ ಬಳಿಯೇ ಬಲೆ ಬೀಸಿದಲ್ಲಿ ಎರಡೂ ಭಾಗಗಳ ಮೀನುಗಾರರಿಗೆ ನಷ್ಟವೇ ಉಳಿಯುತ್ತದೆ.